ಎಂಜಲಿಗೆ ನೆತ್ತರ ಬಡ್ಡಿ

(ಸಿಡ್ನಿಯಿಂದ ನರ್ಸ್ ಮೊಮ್ಮಗಳ ಫೋನು. ಮೈಸೂರಲ್ಲಿ ಅಜ್ಜಿಯ ಬಾಯ್ತುಂಬ ಎಲೆಯಡಿಕೆ. ಅರ್ಧ ಮಾತು ಅದಕ್ಕೇ ಸಲ್ಲುತ್ತದೆ.)

"ಅಜ್ಜಿ, ನ್ಯೂ ಸೌತ್ ವೇಲ್ಸಲ್ಲಿ 2021ರ ಕಾಯ್ದೆ ಇದೆ. ಬೇಕಂತಲೇ ಪೊಲೀಸರ ಮೇಲೆ ಉಗಿದರೆ ರಕ್ತಪರೀಕ್ಷೆಗೆ ಆದೇಶ ಬರಬಹುದು."

"ಪಾಪ, ಪೊಲೀಸಪ್ಪಂಗಾ?"

"ಅಲ್ಲ, ಉಗಿದೋನಿಗೆ. ಎಚ್‌ಐವಿ ಇದೆಯಾ ಅಂತ."

"ಉಗುಳಿಂದ ಬರತ್ತೇನೇ ಅದು?"

"ಬರಲ್ಲ."

"ಮತ್ತೆ? ಎಂಜಲಿನ ಸಾಲಕ್ಕೆ ನೆತ್ತರ ಬಡ್ಡಿನಾ?"

"ಸಮಾಧಾನಕ್ಕೆ ಅಜ್ಜಿ. ಕೊಡಲ್ಲ ಅಂದ್ರೆ ಜೈಲೂ ಆಗಬಹುದು."

"ಏನೂ ಇಲ್ಲ ಅಂತ ಬಂದ್ರೆ ಪೊಲೀಸಪ್ಪ ನಿಶ್ಚಿಂತೆ, ಅಲ್ವಾ?"

"ಹಾಗೇನಿಲ್ಲ. ಹೊಸ ಸೋಂಕು ಕೆಲವು ವಾರ ಪರೀಕ್ಷೇಲಿ ಕಾಣಲ್ಲ. ಕೊನೆಗೆ ಪೊಲೀಸರ ರಕ್ತಾನೇ ನೋಡಬೇಕು."

"ಹೂಂ... ಸಕ್ಕರೆ ಎಷ್ಟಿದೆ ಅಂತಾನೂ ಪುಕ್ಕಟೆ ನೋಡ್ತಾರೇನೇ? ಲ್ಯಾಬಿಗೆ ಸುರಿದೂ ಸುರಿದೂ ಸಾಕಾಗಿದೆ. ನಮ್ಮ ಬೀದಿ ಕೊನೇಲೂ ಒಬ್ಬ ಪೊಲೀಸಪ್ಪ ನಿಂತಿರ್ತಾನೆ. ತಡಿ, ಉಗಿದು ಬಂದೆ!"