ಬೆಟ್ಟ ಅಗೆದು ಸುಂಡಿಲಿ

ಗ್ಲಾಕೋಮಾ ಸಂಶೋಧಕರ ಪಾಲಿಗೆ 2001 ಸುಗ್ಗಿಯ ವರ್ಷ. ಆ ಕಾಯಿಲೆಯಲ್ಲಿ ಸಾಯುವುದು ರೆಟಿನಾದ ಗ್ಯಾಂಗ್ಲಿಯನ್ ಕೋಶ. ನರಕೋಶವಾದ್ದರಿಂದ ಅದು ತಟ್ಟೆಯಲ್ಲಿ ವಿಭಜನೆಯಾಗಿ ಬೆಳೆಯುವುದಿಲ್ಲ. ಅಂಥದ್ದರಲ್ಲಿ ಅಮೆರಿಕದ ಟೆಕ್ಸಾಸ್‌ನಿಂದ ಆರ್‌ಜಿಸಿ-5 ಎಂಬ ಕೋಶಸಂತತಿ ಬಂತು. ಇಲಿಯ ಗ್ಯಾಂಗ್ಲಿಯನ್ ಕೋಶವಂತೆ, ಸಾವೇ ಇಲ್ಲವಂತೆ, ಹಾಕಿದಷ್ಟೂ ಬೆಳೆಯುತ್ತದಂತೆ! ನರಕೋಶಕ್ಕೆ ಈ ಹುಮ್ಮಸ್ಸು ಎಲ್ಲಿಂದ ಬಂತೆಂದು ಯಾರಿಗಾದರೂ ಅನುಮಾನ ಬರಬೇಕಿತ್ತು. ಆದರೆ ಅನುಮಾನಕ್ಕೆ ಅನುದಾನ ಸಿಗುವುದಿಲ್ಲವಲ್ಲ. ಪ್ರಬಂಧಗಳ ಮೇಲೆ ಪ್ರಬಂಧಗಳು ಹೊರಬಿದ್ದವು.

2009ರಲ್ಲಿ ಬೇರೊಂದು ತಂಡ ಡಿಎನ್‌ಎ ನೋಡಿತು. ಬೆಟ್ಟ ಅಗೆದು ಇಲಿ ಹಿಡಿದವರನ್ನು ನಾವು ಗೇಲಿ ಮಾಡುತ್ತೇವೆ. ಇಲ್ಲಿ ಸಿಕ್ಕಿದ್ದು ಇಲಿಯೂ ಅಲ್ಲ, ಸುಂಡಿಲಿ. ಆರ್‌ಜಿಸಿ-5 ಅನ್ನು ಹುಟ್ಟುಹಾಕಿದ ಪ್ರಯೋಗಾಲಯದವರೇ 2013ರಲ್ಲಿ ತನಿಖೆ ಮಾಡಿ, ಇದು ಮೊದಲೇ ಬಳಕೆಯಲ್ಲಿದ್ದ 661ಡಬ್ಲ್ಯೂ, ಸುಂಡಿಲಿಯ ಬೆಳಕು ಗ್ರಹಿಸುವ ಕೋಶ ಎಂದು ಒಪ್ಪಿಕೊಂಡರು. ಪ್ರಾಣಿಯೂ ಬೇರೆ, ಕೋಶವೂ ಬೇರೆ. (ಒಪ್ಪಿಕೊಂಡದ್ದಕ್ಕೆ ಅವರಿಗೆ ಕೈ ಮುಗಿಯಬೇಕು, ಈ ವೃತ್ತಿಯಲ್ಲಿ ಅದು ಅಪರೂಪದ ಗುಣ.)

ಮೆಕಾಯ್ ಕೋಶಗಳದ್ದು ಇನ್ನೂ ಹಳೆಯ ಕಥೆ. ಸಂಧಿವಾತದ ರೋಗಿಯ ಮಂಡಿಯಿಂದ ತೆಗೆದದ್ದೆಂದು ಹೆಸರಾದವು. ನೋಡಿದರೆ ಅವೂ ಸುಂಡಿಲಿಯವೇ. ಆದರೂ ಕ್ಲಮೈಡಿಯಾ ಬ್ಯಾಕ್ಟೀರಿಯಾ ಬೆಳೆಸಲು ಇವತ್ತಿಗೂ ಅವು ಬೇಕು. ಸುಳ್ಳು ಜಾತಿ ಪ್ರಮಾಣಪತ್ರ ಸಿಕ್ಕಿಬಿದ್ದ ಮೇಲೂ ನೌಕರಿ ಉಳಿಸಿಕೊಂಡ ಭಾಗ್ಯವಂತರು!

ಕೋಶಗಳು ಹೀಗೆ ಅದಲುಬದಲಾಗಲು ದೊಡ್ಡ ಪಿತೂರಿ ಬೇಡ. ಎರಡು ಬಗೆಯ ಕೋಶಗಳಿಗೆ ಒಂದೇ ಮೀಡಿಯಂ ಬಾಟಲಿ, ಒಂದೇ ಪಿಪೆಟ್ ಬಳಸಿದರೆ ಸಾಕು. ಬೇಗ ಬೆಳೆಯುವ ಕೋಶ ತಟ್ಟೆಯನ್ನೆಲ್ಲ ಆಕ್ರಮಿಸುತ್ತದೆ. ಮೇಲಿನ ಚೀಟಿ ಮಾತ್ರ ಹಳೆಯದೇ.

"ನಾವು ಕೋಶದ ಡಿಎನ್‌ಎ ಗುರುತಿನ ಎಸ್‌ಟಿಆರ್ ಪರೀಕ್ಷೆ ಮಾಡಿಸಿದ್ದೇವೆ ಸಾರ್" ಎಂದು ಎದೆಯುಬ್ಬಿಸುವವರೂ ಇದ್ದಾರೆ. ಸಂತೋಷ. ಆದರೆ ಮಾನವ ಕೋಶಗಳಿಗೆಂದು ಮಾಡಿದ ಆ ಪರೀಕ್ಷೆಯ ಪ್ರೈಮರ್‌ಗಳು ಹುಡುಕುವುದು ಮನುಷ್ಯನ ಡಿಎನ್‌ಎಯನ್ನಷ್ಟೇ. ತಟ್ಟೆಯಲ್ಲಿ ಅರ್ಧ ಸುಂಡಿಲಿಯೇ ಕೂತಿದ್ದರೂ ವರದಿ ಅಪ್ಪಟ ಮನುಷ್ಯನೆಂದೇ ಬರುತ್ತದೆ. ಬೇರೆ ಪ್ರಾಣಿಯನ್ನು ಹಿಡಿಯಲು ಮೈಟೊಕಾಂಡ್ರಿಯಾದ ಸಿಒಐ ಜೀನನ್ನು ನೋಡಬೇಕು. ಅದು ಪ್ರಾಣಿಯಿಂದ ಪ್ರಾಣಿಗೆ ಬೇರೆ. ಒಂದು ಪಿಸಿಆರ್, ಒಂದು ಜೆಲ್, ಅಷ್ಟೇ ಕೆಲಸ. ಆ ಹೊತ್ತಿನಲ್ಲಿ ಪ್ರಬಂಧದ ಇನ್ನೊಂದು ಪುಟ ಬರೆಯಬಹುದಿತ್ತು ಎಂಬುದಷ್ಟೇ ನಷ್ಟ.

2017ರಲ್ಲಿ ನೆದರ್‌ಲ್ಯಾಂಡ್ಸ್‌ನ ಇಬ್ಬರು ಸಂಶೋಧಕರು ಲೆಕ್ಕ ಹಾಕಿದಾಗ, ಗುರುತು ತಪ್ಪಿದ ಕೋಶಗಳನ್ನು ನಂಬಿ ಬರೆದ ಪ್ರಬಂಧಗಳು 32,755 ಸಿಕ್ಕವು. ಅವುಗಳಲ್ಲಿ ಬಹುಪಾಲಿನ ಮೇಲೆ ಒಂದು ತಿದ್ದುಪಡಿಯ ಸಾಲೂ ಇಲ್ಲ, ಅವುಗಳನ್ನು ಉಲ್ಲೇಖಿಸುವವರಿಗೆ ಬರವೂ ಇಲ್ಲ.