ಅವ್ವ ಸೇರಿದನು

ಮೊಬೈಲಿಗೆ ಕನ್ನಡ ಕಲಿಸುವ ಮಹನೀಯರಿಗೆ, ತುಳಸಿಗೇರಿಯಿಂದ ಶರಣು ಶರಣಾರ್ಥಿ.

ನಿಮ್ಮ ಆ್ಯಪ್ ಕನ್ನಡದಲ್ಲಿ ಮಾತಾಡುತ್ತದೆಂದು ಕೇಳಿ ನಮಗೆಲ್ಲ ಹಿಗ್ಗೋ ಹಿಗ್ಗು. ಹನುಮಪ್ಪನ ಕಾರ್ತಿಕೋತ್ಸವಕ್ಕೆಂದು ಗುಂಪು ಮಾಡಿದೆವು. ‘ಅವ್ವ ಸೇರಿದನು’ ಎಂದು ಬಂತು. ಅವ್ವ ಕನ್ನಡಕ ಏರಿಸಿ ಓದಿ, “ನಾ ಯಾವಾಗ ಗಂಡಸ ಆದ್ನೆಪಾ?” ಅಂದಳು. ಬೆನ್ನಿಗೇ ‘2 ಸದಸ್ಯರು ಸೇರಿವೆ’. ಆ ಇಬ್ಬರೂ ಪೂಜಾರಿಗಳು. ತಮ್ಮನ್ನು ದನದ ಕೊಟ್ಟಿಗೆಯಲ್ಲಿ ಕಟ್ಟಿದಿರೆಂದು ಇನ್ನೂ ಮುನಿಸು ಬಿಟ್ಟಿಲ್ಲ.

ನಿಮ್ಮ ಕಷ್ಟ ನಮಗೆ ಗೊತ್ತಿದೆ. ಯೂನಿಕೋಡ್‌ನವರ ಸಿಎಲ್‌ಡಿಆರ್ ಎಂಬ ಭಾಷಾ ಮಾಹಿತಿಕೋಶ ಏಕವಚನ-ಬಹುವಚನಗಳ ಲೆಕ್ಕಕ್ಕೆ ಆರು ಖಾನೆ ಮಾಡಿದೆ. ಅರಬ್ಬಿಗೆ ಆರೂ ಬೇಕು, ಜಪಾನಿಗೆ ಒಂದೇ ಸಾಕು. ಕನ್ನಡಕ್ಕೆ ಎರಡು: ‘ಒಂದು’ ಮತ್ತು ‘ಉಳಿದದ್ದು’. ಹಿಂದಿ, ಬಂಗಾಳಿಗಳಂತೆ ನಮಗೂ ಸೊನ್ನೆಯನ್ನು ‘ಒಂದು’ ಖಾನೆಗೇ ಸೇರಿಸಿದ್ದಾರೆ. ಇದನ್ನರಿಯದವರು ಅಲ್ಲಿ ಅಂಕಿಗೆ ಜಾಗ ಬಿಡದೆ ‘ಒಬ್ಬ ಸದಸ್ಯ ಇದ್ದಾನೆ’ ಎಂದು ಬರೆದರೆ, ಖಾಲಿ ಗುಂಪಿನಲ್ಲೂ ಒಬ್ಬ ಇದ್ದೇ ಇರುತ್ತಾನೆ. ನಿಮ್ಮ ಆ್ಯಪಿನಲ್ಲಿ ಅವನನ್ನು ಕಂಡಾಗ, ಹನುಮಪ್ಪನೇ ಇರಬೇಕೆಂದು ನಾವು ಕೈಮುಗಿದೆವು.

ಕನ್ನಡಿಗರು ಎಷ್ಟು ಅನ್ನುವ ಮೊದಲು ಯಾರು, ಏನು ಎಂದು ನೋಡುತ್ತಾರೆ. ಇಳಕಲ್ಲಿನ ಅಂಗಡಿಯಲ್ಲಿ ‘ಎರಡು ಸೀರಿ ಕೊಡ್ರಿ’ ಎಂದರೆ ಮುಗಿಯಿತು. ‘ಎರಡು ಸೀರೆಗಳು’ ಎಂದಿರೋ, ಪರವೂರಿನವರೆಂದು ದರ ಏರುತ್ತದೆ. ಆ ಸೀರೆ ನೇಯ್ದವರು ಮಾತ್ರ ಎರಡಲ್ಲ, ಇಬ್ಬರು. ಕೇಶಿರಾಜ 1260ರ ಸುಮಾರಿಗೇ ‘ಶಬ್ದಮಣಿದರ್ಪಣ’ದಲ್ಲಿ ಲಿಂಗ, ವಚನಗಳಿಗೆ ಸೂತ್ರ ಹೆಣೆದಿಟ್ಟಿದ್ದಾನೆ. ಪಾಪ, ಅವನ ಹತ್ತಿರ ಕಂಪ್ಯೂಟರ್ ಇರಲಿಲ್ಲ. ಜನರ ಮಾತಿಗೆ ಕಿವಿಗೊಡದೆ ಗತ್ಯಂತರವಿರಲಿಲ್ಲ.

ಇನ್ನು ಮರ್ಯಾದೆಯ ಲೆಕ್ಕ. ಅಜ್ಜ ಒಬ್ಬರೇ ಬಂದರೂ ‘ಅಜ್ಜಾರು ಬಂದ್ರು’. ಹನುಮಪ್ಪ ಇಡೀ ಊರನ್ನು ಕಾದರೂ ‘ಕಾಯ್ತಾನ’. ಇವರನ್ನು ಯಾವ ಖಾನೆಯಲ್ಲಿ ಕೂರಿಸುತ್ತೀರಿ?

ಮದ್ದು ಅಜ್ಜನ ಮರ್ಯಾದೆಯಲ್ಲೇ ಇದೆ. ‘ಸೇರಿದ್ದಾರೆ’ ಅನ್ನಿ. ಅವ್ವನಿಗೂ ಸಲ್ಲುತ್ತದೆ, ಅಪ್ಪನಿಗೂ ಸಲ್ಲುತ್ತದೆ. ಒಬ್ಬರಿದ್ದರೂ ಸರಿ, ನೂರು ಮಂದಿ ಇದ್ದರೂ ಸರಿ. ಬಹುವಚನದ ಈ ಕ್ರಿಯಾಪದ ಹೆಣ್ಣೋ ಗಂಡೋ ಎಂದು ಕೇಳುವುದೇ ಇಲ್ಲ. ‘ಬಂದಿವೆ’ಯನ್ನು ಫೋಟೊ, ವಿಡಿಯೊಗಳಿಗೆ ಮೀಸಲಿಡಿ. ಸೊನ್ನೆಗೆ ‘ಯಾರೂ ಇಲ್ಲ’ ಎಂದು ಬೇರೆಯೇ ವಾಕ್ಯ ಬರೆಯಿರಿ. ಅದಕ್ಕೆ ಸಾಫ್ಟ್‌ವೇರ್‌ನಲ್ಲಿ ದಾರಿ ಇದೆ. ಇಷ್ಟಕ್ಕೆ ಕೃತಕ ಬುದ್ಧಿಮತ್ತೆಯನ್ನು ಕರೆಸುವ ಖರ್ಚೂ ಬೇಡ. ದೊಡ್ಡವರಿಗೆ ‘ರೀ’ ಹಚ್ಚಿ ಮಾತಾಡಬೇಕೆಂದು ನಮ್ಮಲ್ಲಿ ಅಂಗನವಾಡಿ ಹುಡುಗರಿಗೂ ಗೊತ್ತು.

ಉತ್ತರ ಬರೆಯುವಾಗ ನನ್ನನ್ನು ‘ಅದು’ ಅನ್ನದಿದ್ದರೆ ಉಪಕಾರ.

ಇತಿ ತಮ್ಮ ವಿಶ್ವಾಸಿ,
1 ಬಳಕೆದಾರರುಗಳು, ತುಳಸಿಗೇರಿ