ಮುಕ್ಕಣ್ಣನ ಮೂರಂಕ

ಹೈಸ್ಕೂಲಿನ ಸಮಾಸದ ಪಾಠವೆಂದರೆ ತುಂಬು ಕುಟುಂಬದ ಹಾಜರಿ ಕೂಗಿದಂತೆ: ತತ್ಪುರುಷ, ಕರ್ಮಧಾರಯ, ದ್ವಿಗು, ಅಂಶಿ, ದ್ವಂದ್ವ, ಬಹುವ್ರೀಹಿ. ಇವರಲ್ಲಿ ಬಹುವ್ರೀಹಿಯೇ ಮಹಾ ಕಿಲಾಡಿ. ‘ಮೂರು’, ‘ಕಣ್ಣು’ ಎರಡೂ ಮೈಮುರಿದು ದುಡಿದು ‘ಮುಕ್ಕಣ್ಣ’ನಾದರೆ, ಹೆಸರೆಲ್ಲ ಅಲ್ಲಿ ಇಲ್ಲದ ಶಿವನಿಗೆ!

ಸಂಧಿಗಳು ಪಾಪ, ಸಾಧು. ಊರು, ಅನ್ನು ಸೇರಿದರೆ ಒಂದು ಉಕಾರ ಸದ್ದಿಲ್ಲದೆ ಪರಾರಿ, ಅದು ಲೋಪ. ಮನೆಗೆ ‘ಅನ್ನು’ ಬಂದರೆ ಕರೆಯದ ಯಕಾರವೂ ನುಗ್ಗುತ್ತದೆ, ಅದು ಆಗಮ. ಮಳೆಯ ಪಕ್ಕ ನಿಂತ ಕಾಲ ‘ಗಾಲ’ವಾದರೆ ಆದೇಶ. ಯಾರ ಆದೇಶವೆಂದು ಕೇಳಿದ ಹುಡುಗನನ್ನು ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಅರಿಸಮಾಸದ ಗತಿಯೇ ಬೇರೆ. ಸಂಸ್ಕೃತಕ್ಕೂ ಕನ್ನಡಕ್ಕೂ ಕಂಡಕಂಡಲ್ಲಿ ಗಂಟು ಹಾಕಬಾರದೆಂದು ಹದಿಮೂರನೆಯ ಶತಮಾನದಲ್ಲೇ ಕೇಶಿರಾಜ ಕಟ್ಟುನಿಟ್ಟು ಮಾಡಿದ್ದ. ನಾವೋ ರೇಷನ್ ಅಂಗಡಿಯ ಮುಂದೆ ಕ್ಯೂ ನಿಂತು ಆ ಪಾಠ ಉರು ಹೊಡೆದವರು.

ಛಂದಸ್ಸಿಗೆ ಬಂದರೆ ಭಾಮಿನಿ ಷಟ್ಪದಿ. ಮೂರು, ನಾಲ್ಕು, ಮೂರು, ನಾಲ್ಕು ಎಂದು ಬೆರಳು ಮಡಚಿ 14 ಮಾತ್ರೆ. ಮೂರನೆಯ, ಆರನೆಯ ಸಾಲಿಗೆ ಕೊನೆಯ ಗುರುವೂ ಸೇರಿ 23. ಕುಮಾರವ್ಯಾಸನ ಪದ್ಯದಲ್ಲಿ ಯಾರು ಯಾರನ್ನು ಹೊಡೆದರೋ ಗೊತ್ತಿಲ್ಲ, ಲೆಕ್ಕ ಮಾತ್ರ ಪಕ್ಕಾ.

ಇನ್ನು ಅಲಂಕಾರ? ಅಲ್ಲಿ ಸೀತೆಯ ಮುಖ ಪ್ರತಿ ಪರೀಕ್ಷೆಗೂ ಕಮಲದಂತೆ ಅರಳಲೇಬೇಕು. ಲಕ್ಷಣ, ಸಮನ್ವಯ ಸಮೇತ ಅರಳಿಸಿದವರಿಗೆ ಮೂರಂಕ.